ಏರಿಯಾ ಹೆಂಗೆ?

ಸ್ಟಾಕ್‌ಹೋಮಿಗೆ ಹೊರಟ ಬೆಂಗಳೂರಿನವರಿಂದ ತಿಂಗಳಿಗೊಂದಾದರೂ ಮೆಸೇಜ್ ಬರುತ್ತದೆ ನನಗೆ. ಮೂರು ಹೋಟೆಲಿನ ಲಿಂಕು, ಅದರ ಕೆಳಗೆ ಎರಡೇ ಎರಡು ಪದ: ‘ಏರಿಯಾ ಹೆಂಗೆ?’ ಬಾಡಿಗೆ ದುಬಾರಿಯಾಯಿತಾ, ಸ್ಟೇಷನ್ ಎಷ್ಟು ದೂರ, ಒಂದು ಹಿಡಿ ಅನ್ನ ಬೇಯಿಸಿಕೊಳ್ಳೋಕೆ ಒಲೆ ಇದೆಯಾ, ಇವೆಲ್ಲ ಆಮೇಲಿನ ಮಾತು. ಆಫೀಸಿನ ಕೆಲಸದ ಮೇಲೆ ಆರು ವರ್ಷದಲ್ಲಿ ಎಂಟು ಸಲ ಆ ಊರಿಗೆ ಹೋಗಿದ್ದೇನೆ, ಒಂದು ಸಲ ಮೂರು ತಿಂಗಳು ಅಲ್ಲೇ ಇದ್ದೆ. ಹಾಗಾಗಿ ಗೆಳೆಯರ ಪಾಲಿಗೆ ನಾನು ಸ್ಟಾಕ್‌ಹೋಮಿನ ಮನೆ ಬ್ರೋಕರ್. ಕಮಿಷನ್ ಇಲ್ಲದ ಬ್ರೋಕರ್ ಆದ್ದರಿಂದ ನಿಷ್ಠುರವಾಗಿ ಹೇಳುವ ಹಕ್ಕಿದೆ ಅಂದುಕೊಂಡು ಹೇಳುತ್ತಿದ್ದೇನೆ: ಅದು ಕೊಳಕು ಪ್ರಶ್ನೆ ಕಣ್ರೀ.

ಯಾಕೆ ಅಂದರೆ, ‘ಮರಗಳಿವೆ, ಹತ್ತಿರದಲ್ಲೇ ನೀರಿದೆ, ಫುಟ್‌ಪಾತ್ ಅಗಲವಾಗಿದೆ’ ಅಂತ ಉತ್ತರ ಕೊಟ್ಟರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. ‘ಅದಲ್ಲ, ಅಲ್ಲಿ ಯಾರು ಜಾಸ್ತಿ ಇದಾರೆ?’ ಅಂತ ಎರಡನೇ ಮೆಸೇಜ್ ಬರುತ್ತದೆ. ಅದಕ್ಕೂ ನಾನು ಪೆದ್ದಿಯ ಹಾಗೆ ‘ಜನ ಇದಾರೆ’ ಅಂದರೆ ಮೂರನೆಯದು: ‘ಸೊಮಾಲಿಗಳು, ಅರಬ್ಬರು ಅಂತಾರಲ್ಲ, ನಮ್ಮಂಥವರು ಇರಬಹುದಾ?’ ಹೋಟೆಲ್ ಹುಡುಕುವ ನೆಪದಲ್ಲಿ ಜನ ಏನು ಹುಡುಕುತ್ತಿದ್ದಾರೆ ಅನ್ನೋದು ಅಲ್ಲಿಗೆ ಬಯಲಾಗುತ್ತದೆ. ಊರು ಎಲ್ಲಿ ಮುಗಿಯುತ್ತದೆ, ಕೇರಿ ಎಲ್ಲಿ ಶುರುವಾಗುತ್ತದೆ ಅಂತ ಗೆರೆ ಹಾಕಿಕೊಡಿ ಅನ್ನುತ್ತಿದ್ದಾರೆ. ಏಳು ಸಾವಿರ ಕಿಲೋಮೀಟರ್ ಹಾರಿ ಹೋಗಿ, ನಾಲ್ಕು ರಾತ್ರಿ ಮಲಗಿ ಬರೋದಕ್ಕೆ.

ಮೊದಲು ಈ ‘ಸೆಂಟರ್‌ನಲ್ಲೇ ಇರಬೇಕು’ ಅನ್ನುವ ಹುಚ್ಚಿನ ಲೆಕ್ಕ ಮುಗಿಸಿಬಿಡೋಣ. ಸ್ಟಾಕ್‌ಹೋಮ್ 14 ದ್ವೀಪಗಳ ಮೇಲೆ ಹರಡಿಕೊಂಡ ಊರು. ಮೆಟ್ರೋ ಶುರುವಾಗಿದ್ದು 1950ರಲ್ಲಿ. ಈಗ ಹಸಿರು, ಕೆಂಪು, ನೀಲಿ ಅಂತ ಮೂರು ಲೈನು, 100 ಸ್ಟೇಷನ್ನು. ಮೂರೂ ಸೇರುವುದು ಟಿ-ಸೆಂಟ್ರಾಲೆನ್ ಅನ್ನುವ ಒಂದೇ ಜಾಗದಲ್ಲಿ. ಟಿಕೆಟ್ ಒಂದೇ ದರ, 75 ನಿಮಿಷದೊಳಗೆ ಎಲ್ಲಿಂದ ಎಲ್ಲಿಗೆ ಬೇಕಾದರೂ ಹತ್ತಿ ಇಳಿಯಿರಿ. ಇಂಥ ಊರಿನಲ್ಲಿ ಸೆಂಟ್ರಲ್ ಸ್ಟೇಷನ್ನಿನ ಪಕ್ಕ ಅಷ್ಟೊಂದು ದುಡ್ಡು ಸುರಿದರೆ ಸಿಗುವುದು ಒಂದು ಮಂಚ, ಅದರ ಸುತ್ತ ಏಡಿ ಥರ ಅಡ್ಡಡ್ಡ ನಡೆಯುವಷ್ಟು ಜಾಗ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಲವತ್ತು ನಿಮಿಷ ನಿಂತು ಅಭ್ಯಾಸವಿರುವ ನಮಗೆ ಇಪ್ಪತ್ತು ನಿಮಿಷದ ಮೆಟ್ರೋ ದೂರ ಅಂತ ಯಾಕೆ ಅನ್ನಿಸಬೇಕು?

ಇನ್ನೂ ಶೋಕಿ ಇರುವವರು ಗಮ್ಲಾ ಸ್ತಾನ್ ಅನ್ನುವ ಹಳೇ ಪೇಟೆಯಲ್ಲೇ ರೂಮ್ ಬೇಕು ಅಂತಾರೆ. ನೋಡೋಕೆ ಚಂದ, ಇಲ್ಲ ಅನ್ನಲ್ಲ. ಆದರೆ ಕಲ್ಲು ಹಾಸಿನ ಬೀದಿಯ ಮೇಲೆ 23 ಕೆ.ಜಿ. ಸೂಟ್‌ಕೇಸ್ ಎಳೆದು ನೋಡಿ, ಗೊತ್ತಾಗುತ್ತೆ. ಅಲ್ಲಿ ಮೋರ್ಟೆನ್ ಟ್ರೊಟ್ಸಿಗ್ ಅನ್ನುವ ವರ್ತಕನ ಹೆಸರಿನ ಒಂದು ಗಲ್ಲಿ ಇದೆ, ಅದರ ತೀರಾ ಕಿರಿದಾದ ಕಡೆ ಅಗಲ 90 ಸೆಂಟಿಮೀಟರ್. ಅದೇ ಪೇಟೆಯ ನಡುಚೌಕದಲ್ಲಿ 1520ರ ನವೆಂಬರಿನಲ್ಲಿ ಡೆನ್ಮಾರ್ಕಿನ ದೊರೆ ಎರಡನೇ ಕ್ರಿಶ್ಚಿಯನ್ ಎಂಬತ್ತಕ್ಕೂ ಹೆಚ್ಚು ಜನರ ತಲೆ ತೆಗೆಸಿದ. ಆ ಏರಿಯಾ ಹೆಂಗೆ ಅಂತ ಇವತ್ತಿನವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ. ಲೋಂಗ್‌ಹೋಲ್ಮೆನ್ ದ್ವೀಪದಲ್ಲಿ 1975ರವರೆಗೆ ಜೈಲಾಗಿದ್ದ ಕಟ್ಟಡವೇ ಈಗ ಹೋಟೆಲು. ಕಳ್ಳರು ಮಲಗುತ್ತಿದ್ದ ಸೆಲ್ಲಿನಲ್ಲೇ ನಮ್ಮವರು ಖುಷಿಯಾಗಿ ಮಲಗಿ ಫೋಟೋ ಹಾಕುತ್ತಾರೆ. ಕೈದಿಗಳ ಕೋಣೆ ಆಗುತ್ತದೆ, ಸೊಮಾಲಿ ಅಜ್ಜಿಯ ಪಕ್ಕದ ಮನೆ ಆಗುವುದಿಲ್ಲ.

ಇಲ್ಲಿಂದ ನೀಲಿ ಲೈನ್ ಹತ್ತಿ. ಟಿ-ಸೆಂಟ್ರಾಲೆನ್‌ನ ನೀಲಿ ಪ್ಲಾಟ್‌ಫಾರ್ಮಿನ ಗೋಡೆ ಮೇಲೆ ಆ ಸುರಂಗ ಕಟ್ಟಿದ ಕೆಲಸಗಾರರ ನೆರಳುಗಳನ್ನು ಬರೆದಿದ್ದಾರೆ, ವೆಲ್ಡರ್, ಬಡಗಿ, ಹೆಲ್ಮೆಟ್ ಹಾಕಿದವನು. 1975ರ ಕೆಲಸ ಅದು. ನಮ್ಮ ಮೆಟ್ರೋ ಸ್ಟೇಷನ್ನಿನ ಗೋಡೆ ಮೇಲೆ ರಾಯಚೂರಿನ ಗಾರೆ ಕೆಲಸದವರ ಚಿತ್ರ ಬಂದ ದಿನ ಹೇಳಿ, ನಾನು ಹಾರ ತರ್ತೀನಿ. ಮುಂದೆ ಸೋಲ್ನಾ ಸೆಂಟ್ರುಮ್ ಬರುತ್ತದೆ. ಬಂಡೆಯನ್ನು ಹಾಗೇ ಬಿಟ್ಟು ಮೇಲೆಲ್ಲ ಕೆಂಪು ಬಳಿದು, ಕೆಳಗೆ ಹಸಿರು ಕಾಡು ಬರೆದ ಸ್ಟೇಷನ್. ಎಲ್ಲರೂ ಅಲ್ಲಿ ಸೆಲ್ಫಿ ತೆಗೆಯುತ್ತಾರೆ. ಆ ಚಿತ್ರದ ವಸ್ತು ಹಳ್ಳಿ ಬಿಟ್ಟು ಪೇಟೆ ಸೇರುವ ಜನ, ಖಾಲಿಯಾಗುವ ಹಳ್ಳಿ. ಕೆ.ಆರ್. ಪೇಟೆಯಿಂದ ಹೋದವಳು ನಾನು, ಮೊದಲ ಸಲ ನೋಡಿದಾಗಲೇ ಗುರುತು ಸಿಕ್ಕಿತು.

ಆಮೇಲೆ ಶೀಸ್ತಾ. ಬರೆಯುವಾಗ ಕಿಸ್ತಾ ಅಂತ ಬರೀತಾರೆ, ಇಎಂಐ ಕಟ್ಟುವ ನಮಗೆ ಬರೆದ ಹೆಸರೇ ಚೆನ್ನ. ಎರಿಕ್ಸನ್ ಕಂಪನಿಯ ಮುಖ್ಯ ಕಚೇರಿ ಇರುವುದು ಇಲ್ಲೇ. ಬೆಂಗಳೂರಿನಿಂದ ಹೋಗುವ ಟೆಲಿಕಾಂನವರಲ್ಲಿ ಬಹಳ ಜನ ಬಂದು ಇಳಿಯುವುದೂ ಇಲ್ಲೇ. ಗಾಜಿನ ಕಟ್ಟಡ, ದೊಡ್ಡ ಮಾಲ್, ಒಳ್ಳೆ ಹೋಟೆಲುಗಳು. ‘ಶೀಸ್ತಾ ಓಕೆ, ಆದರೆ ಮುಂದಿನ ಸ್ಟೇಷನ್‌ಗೆ ಹೋಗಬೇಡಿ’ ಅಂತ ಮೊದಲ ದಿನವೇ ಯಾರಾದರೂ ಒಬ್ಬ ಇಂಡಿಯನ್ ಸಹೋದ್ಯೋಗಿ ಕಿವಿಯಲ್ಲಿ ಊದುತ್ತಾನೆ. ಮುಂದಿನ ಸ್ಟೇಷನ್ ಹೂಸ್‌ಬಿ. ನಡೆದರೆ ಕಾಲು ಗಂಟೆ. ಐದು ವರ್ಷ ಶೀಸ್ತಾದಲ್ಲಿ ಕೆಲಸ ಮಾಡಿ ಒಂದು ದಿನವೂ ಆ ಕಾಲು ಗಂಟೆ ನಡೆಯದವರು ನನಗೆ ಗೊತ್ತು. ಬೋರ್ಡ್ ಓದಿ ‘ಡೇಂಜರ್’ ಅಂತಾರೆ. ಸ್ವೀಡಿಷ್‌ನಲ್ಲಿ ‘ಬಿ’ ಅಂದರೆ ಹಳ್ಳಿ. ಮಾಕವಳ್ಳಿಯ ‘ವಳ್ಳಿ’ ಏನೋ, ಹೂಸ್‌ಬಿಯ ‘ಬಿ’ಯೂ ಅದೇ.

ಈ ಹೂಸ್‌ಬಿ, ಅಕಲ್ಲಾ, ಇನ್ನೊಂದು ಕವಲಿನಲ್ಲಿರುವ ರಿಂಕೆಬಿ, ತೆನ್‌ಸ್ತಾ ಎಲ್ಲ ಹುಟ್ಟಿದ್ದು ಸರ್ಕಾರದ ಒಂದು ದೊಡ್ಡ ಹಟದಿಂದ. 1965ರಿಂದ 1974ರವರೆಗೆ ಹತ್ತು ವರ್ಷದಲ್ಲಿ ಹತ್ತು ಲಕ್ಷ ಮನೆ ಕಟ್ಟುತ್ತೇವೆ ಅಂತ ಸ್ವೀಡನ್ ಹೊರಟಿತು, ಕಟ್ಟಿಯೂ ಬಿಟ್ಟಿತು. ಸೈನ್ಯದ ಕವಾಯತು ನಡೆಯುತ್ತಿದ್ದ ಯಾರ್ವಾ ಬಯಲಿನಲ್ಲಿ ಈ ಬಡಾವಣೆಗಳು ಎದ್ದವು. ಮೊದಲು ಬಂದವರಲ್ಲಿ ಸ್ವೀಡನ್ನಿನ ಕಾರ್ಮಿಕರೇ ಬಹಳ. ಜೊತೆಗೆ ಫಿನ್‌ಲೆಂಡ್, ಗ್ರೀಸ್, ಟರ್ಕಿಯಿಂದ ಕೂಲಿಗೆ ಬಂದವರು, ಆಮೇಲೆ ಚಿಲಿ, ಇರಾನ್, ಇರಾಕ್, ಸೊಮಾಲಿಯಾದಿಂದ ಜೀವ ಉಳಿಸಿಕೊಳ್ಳಲು ಓಡಿಬಂದವರು. ಕೈಯಲ್ಲಿ ನಾಲ್ಕು ಕಾಸು ಸೇರಿದ ಸ್ವೀಡಿಷರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಕೊನೆಗೆ ಪೊಲೀಸರು ಇಂಥ ಬಡಾವಣೆಗಳ ಪಟ್ಟಿಯನ್ನೇ ಮಾಡಿದರು. ಅಲ್ಲಿಗೆ ಸೀಲ್ ಬಿದ್ದ ಹಾಗಾಯಿತು.

ಆದ್ದರಿಂದ ಸ್ವೀಡನ್ನಿನವರೇನೂ ಸಾಚಾಗಳಲ್ಲ. ಸ್ಟಾಕ್‌ಹೋಮಿನಲ್ಲಿ ಬಾಡಿಗೆ ಮನೆಗೆ ನಗರದ ಸರದಿಪಟ್ಟಿ ಇದೆ. ಏಳು ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದ್ದಾರೆ. ಯಾವ ತಾರೀಖಿಗೆ ಬರೆಸಿದೆ ಅನ್ನುವುದೇ ಅರ್ಹತೆ, ನಿನ್ನ ಹೆಸರೇನು, ಏನು ತಿಂತೀಯ ಅನ್ನುವುದಲ್ಲ. ಕೇಳೋಕೆ ರಾಮರಾಜ್ಯ. ಆದರೆ ನಗರದ ಒಳಗಿನ ಮನೆಗೆ ಹತ್ತು ಹದಿನೈದು ವರ್ಷ ಕಾಯಬೇಕಾದಾಗ, ಮೊನ್ನೆ ಬಂದಿಳಿದವನು ಎಲ್ಲಿಗೆ ಹೋಗುತ್ತಾನೆ? ಸರದಿ ಚಿಕ್ಕದಿರುವ ಕಡೆಗೆ. ಅಲ್ಲಿಯೂ ಕೇರಿ ಆಯಿತು. ಅದರಲ್ಲಿ ಒಂದು ವ್ಯತ್ಯಾಸ ಇದೆ, ಅದನ್ನು ಹೇಳಬೇಕು. ಅಲ್ಲಿನ ಪತ್ರಿಕೆಗಳು, ಅಲ್ಲಿನ ಸರ್ಕಾರ ಇದನ್ನು ಸಮಸ್ಯೆ ಅಂತ ಒಪ್ಪಿಕೊಂಡು ಜಗಳ ಆಡುತ್ತವೆ. ನಮ್ಮಲ್ಲಿ ಅದಕ್ಕೆ ಸಂಪ್ರದಾಯ ಅಂತ ಹೆಸರು.

ನಮ್ಮ ಮನೆ ಇರುವುದು ಮಾಕವಳ್ಳಿಯ ಹತ್ತಿರ. ಕ್ರಷಿಂಗ್ ಶುರುವಾದರೆ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ನಮ್ಮ ಅಡುಗೆಮನೆವರೆಗೂ ಬರುತ್ತದೆ, ರಸ್ತೆ ಉದ್ದಕ್ಕೂ ಕಬ್ಬಿನ ಟ್ರ್ಯಾಕ್ಟರು. ಅಪ್ಪ ಸೀಸನ್‌ನಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮದು ಊರಾಚೆಯ ಕೇರಿ. ಪೋಸ್ಟಿನವನು ಕಾಗದ ತಂದರೂ ಊರೊಳಗಿನ ಅಂಗಡಿಯಲ್ಲಿ ಕೊಟ್ಟು, ‘ಕೇರಿಯವರದು’ ಅಂತ ಹೇಳಿ ಹೋಗುತ್ತಿದ್ದ. ಶಾಲೆಗೆ ಬರುತ್ತಿದ್ದ ಗೆಳತಿಯರಿಗೆ ಅವರ ಅಮ್ಮಂದಿರು ಹೇಳುತ್ತಿದ್ದದ್ದೂ ಅದೇ ಮಾತು, ‘ಆ ಕಡೆ ಹೋಗಬ್ಯಾಡ’. ಇಂಗ್ಲಿಷ್ ಕಲಿತ ಮೇಲೆ ‘ಆ ಕಡೆ’ಗೆ ‘ಏರಿಯಾ’ ಅನ್ನುತ್ತೇವೆ, ಅಷ್ಟೆ.

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮವರನ್ನು ಬಚ್ಚಿಟ್ಟ ಹಾಗಾಗುತ್ತದೆ. ಕಬ್ಬು ಕಡಿಯೋಕೆ ಬಳ್ಳಾರಿ ಕಡೆಯಿಂದ ಗುಂಪು ಗುಂಪಾಗಿ ಜನ ಬರುತ್ತಾರೆ, ಗದ್ದೆ ಬದಿಯಲ್ಲಿ ಪ್ಲಾಸ್ಟಿಕ್ ಹೊದ್ದಿಸಿದ ಗುಡಿಸಲು ಹಾಕಿಕೊಂಡು ಮಕ್ಕಳು ಮರಿ ಕಟ್ಟಿಕೊಂಡು ಇರುತ್ತಾರೆ. ಕತ್ತಲಾದ ಮೇಲೆ ಗುಡಿಸಲ ಕಡೆ ಹೋಗಬ್ಯಾಡಿ ಅಂತ ನಮ್ಮನ್ನು ಗದರುತ್ತಿದ್ದವರು ನಮ್ಮ ಕೇರಿಯ ಹಿರಿಯರೇ. ಮೇಲಿನವನು ಕೆಳಗಿನವನಿಗೆ ಹೇಳಿದ್ದನ್ನು ಅವನು ಇನ್ನೂ ಕೆಳಗಿನವನಿಗೆ ದಾಟಿಸುತ್ತಾನೆ. ಆ ಗುಡಿಸಲಿನವರು ಯಾರದ್ದೇ ಒಂದು ಕೋಳಿ ಕದ್ದ ಸುದ್ದಿಯೂ ನನಗೆ ನೆನಪಿಲ್ಲ. ಸೀಸನ್ ಮುಗಿದಾಗ ಗದ್ದೆ ಬದಿಯಲ್ಲಿ ಒಲೆಯ ಮೂರು ಕಲ್ಲು ಉಳಿಯುತ್ತಿದ್ದವು.

ಬೆಂಗಳೂರಿಗೆ ಬಂದ ಮೇಲೆ ಕೇರಿ ಹೋಯಿತು ಅಂದುಕೊಂಡವರಿಗೆ ಟು-ಲೆಟ್ ಬೋರ್ಡಿನ ಕೆಳಗೆ ನಿಂತು ಅನುಭವ ಇಲ್ಲ. ‘ವೆಜ್ಜಾ, ನಾನ್‌ವೆಜ್ಜಾ?’ ‘ಊರ್ ಕಡೆ ಏನ್ ಜನ ನೀವು?’ ಎರಡು ಕಡೆ ನನಗೆ ಅಡ್ವಾನ್ಸ್ ವಾಪಸ್ ಬಂದಿದೆ, ‘ನಮ್ಮ ಮಗ ಬರ್ತಾ ಇದಾನೆ ಕಣಮ್ಮ’ ಅನ್ನುವ ಕಾರಣದ ಜೊತೆ. ಒಬ್ಬರ ಮಗ ಇನ್ನೂ ಬಂದ ಹಾಗಿಲ್ಲ, ಆ ಬೋರ್ಡ್ ಆರು ತಿಂಗಳು ಅಲ್ಲೇ ನೇತಾಡುತ್ತಿತ್ತು. ದೆಹಲಿ ಸುತ್ತಮುತ್ತ ಸುಖದೇವ್ ಥೋರಟ್ ಮತ್ತವರ ಜೊತೆಗಾರರು ಇದನ್ನೇ ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದರು. ಮೇಲ್ಜಾತಿಯ ಹೆಸರು ಹೇಳಿ ಮನೆ ಕೇಳಿದವರಿಗೆ ಹೆಚ್ಚುಕಮ್ಮಿ ಎಲ್ಲ ಕಡೆ ಹ್ಞೂಂ, ದಲಿತರು ಮತ್ತು ಮುಸ್ಲಿಮರು ಅಂತ ಗೊತ್ತಾದ ಕೂಡಲೇ ಬಹಳ ಕಡೆ ಉಹೂಂ. ನಮ್ಮ ಆಫೀಸಿನ ಹುಡುಗರಲ್ಲಿ ಎಷ್ಟೋ ಜನ ಮೀನು ತಿನ್ನುವುದನ್ನು ಮನೆ ಓನರಿನಿಂದ ಮುಚ್ಚಿಟ್ಟು, ಕಿಟಕಿ ಹಾಕಿಕೊಂಡು ಹುರಿದು ತಿಂದವರೇ. ಅದೇ ಹುಡುಗರು ವಿಮಾನ ಹತ್ತಿ ಸ್ಟಾಕ್‌ಹೋಮಿನಲ್ಲಿ ಇಳಿದ ಕೂಡಲೇ ತಾವೇ ಓನರಿನ ಕುರ್ಚಿಯಲ್ಲಿ ಕೂತು, ಹೂಸ್‌ಬಿಯವರ ಜಾತಕ ನೋಡೋಕೆ ಶುರುಮಾಡುತ್ತಾರಲ್ಲ, ಇದನ್ನು ನಾನು ಹೇಗೆ ಸಹಿಸಲಿ?

ಓಸ್ಟರ್‌ಮಾಲ್ಮ್‌ನ ಶ್ರೀಮಂತ ಬಿಳಿಯನ ಕಣ್ಣಿಗೆ ನೀವೂ ಅವರೂ ಒಂದೇ ಅನ್ನುವುದು ಬೇರೆ ವಿಷಯ. ಐಡಿ ಕಾರ್ಡ್ ಕುತ್ತಿಗೆಯಿಂದ ತೆಗೆದು ಸಂಜೆ ಮೆಟ್ರೋದಲ್ಲಿ ಕೂತರೆ ನಾನು ಎರಿಟ್ರಿಯಾದವಳೋ ಕೆ.ಆರ್. ಪೇಟೆಯವಳೋ ಅವನಿಗೇನು ಗೊತ್ತು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಗುಂಡು ಹಾರುವುದು ಸುಳ್ಳಾ? ಸುಳ್ಳಲ್ಲ. 2022ರಲ್ಲಿ ಸ್ವೀಡನ್ನಿನಲ್ಲಿ 62 ಜನ ಗುಂಡೇಟಿಗೆ ಸತ್ತರು. ಒಂದು ಕೋಟಿ ಚಿಲ್ಲರೆ ಜನಸಂಖ್ಯೆಯ ದೇಶಕ್ಕೆ ಅದು ಸಣ್ಣ ಸಂಖ್ಯೆಯಲ್ಲ. ಹೂಸ್‌ಬಿಯಲ್ಲಿಯೇ 2013ರ ಮೇ ತಿಂಗಳಲ್ಲಿ, 69 ವರ್ಷದ ಒಬ್ಬನನ್ನು ಪೊಲೀಸರು ಗುಂಡಿಟ್ಟು ಕೊಂದ ಮೇಲೆ, ರಾತ್ರಿಗಟ್ಟಲೆ ಕಾರುಗಳು ಉರಿದವು, ಗಲಭೆ ಬೇರೆ ಊರುಗಳಿಗೂ ಹಬ್ಬಿತು. ಇದನ್ನೆಲ್ಲ ಮುಚ್ಚಿಟ್ಟು ‘ಬನ್ನಿ ಬನ್ನಿ’ ಅನ್ನುವಷ್ಟು ಪೆದ್ದಿ ನಾನಲ್ಲ. ಒಬ್ಬಳೇ ಓಡಾಡುವ ಹೆಂಗಸಿಗೆ ಭಯದ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಗುಂಡುಗಳು ಹೆಚ್ಚಿನಂಶ ಡ್ರಗ್ಸ್ ಗುಂಪುಗಳು ಒಬ್ಬರ ಮೇಲೊಬ್ಬರು ಹಾರಿಸಿದ್ದು. ಸಾಯುವವರು ಆ ಬಡಾವಣೆಗಳ ಹದಿಹರೆಯದ ಹುಡುಗರು, ನಡುವೆ ಸಿಕ್ಕಿಕೊಳ್ಳುವವರು ಅಲ್ಲೇ ವರ್ಷಾನುಗಟ್ಟಲೆ ಬದುಕುವ ಅವರ ನೆರೆಯವರು. ನಾಲ್ಕು ರಾತ್ರಿಗೆ ಬಂದು ಮ್ಯೂಸಿಯಂ ನೋಡಿ ಹೋಗುವವನಿಗಿಂತ ಆ ಹುಡುಗರ ತಾಯಂದಿರಿಗೆ ‘ಏರಿಯಾ ಹೆಂಗೆ’ ಅಂತ ಕೇಳುವ ಹಕ್ಕು ಜಾಸ್ತಿ ಇದೆ. ಇನ್ನು ಪ್ರವಾಸಿಗರ ಜೇಬಿಗೆ ಕೈ ಹಾಕುವ ಕಳ್ಳರು ಪ್ರವಾಸಿಗರು ಇರುವ ಕಡೆಗೇ ಹೋಗುತ್ತಾರೆ. ಎಚ್ಚರಿಕೆ ಕೊಡುವಾಗ ಮೊದಲು ಬರುವ ಹೆಸರು ಸೆಂಟ್ರಲ್ ಸ್ಟೇಷನ್, ಹಳೇ ಪೇಟೆ. ನೀವು ದುಪ್ಪಟ್ಟು ದುಡ್ಡು ಕೊಟ್ಟು ರೂಮ್ ಮಾಡಿದ ಜಾಗವೇ!

ಮೂರು ತಿಂಗಳು ಅಲ್ಲಿದ್ದಾಗ ನಾನು ಇದ್ದದ್ದು ಹೂಸ್‌ಬಿಯಲ್ಲಿ, ಇರಾನಿನಿಂದ ಬಂದು ನೆಲೆಸಿದ ಒಬ್ಬ ನಿವೃತ್ತ ಟೀಚರಮ್ಮನ ಮನೆಯ ಕೋಣೆಯಲ್ಲಿ. ಅಲ್ಲಿನ ಬೀದಿಗಳಿಗೆಲ್ಲ ನಾರ್ವೆಯ ಊರುಗಳ ಹೆಸರು: ಓಸ್ಲೋ ಬೀದಿ, ಬರ್ಗೆನ್ ಬೀದಿ, ಟ್ರೋನ್‌ಹೈಮ್ ಬೀದಿ. ಒಂದೇ ಬಾಡಿಗೆಗೆ ಎರಡು ರಾಜಧಾನಿ. ಕಟ್ಟಡಗಳ ನಡುವೆ ಕಾರು ಬರುವಂತಿಲ್ಲ, ಮಕ್ಕಳು ಬಯಲಿನಲ್ಲಿ ಬಿದ್ದು ಹೊರಳಾಡುತ್ತವೆ. ಕೊನೆಯ ಮೂರು ವಾರಕ್ಕೆ ಅವ್ವನನ್ನು ಕರೆಸಿಕೊಂಡೆ. ಮೊದಲ ಭಾನುವಾರ ಓಸ್ಟರ್‌ಮಾಲ್ಮ್ ತೋರಿಸಿದೆ. ಕಲ್ಲಿನ ಮಹಡಿಗಳು, ಒಂದು ಬಾಗಿಲೂ ತೆರೆದಿಲ್ಲ. ಅವ್ವ ಅರ್ಧ ಗಂಟೆ ನಡೆದು, ‘ಯಾರಾದ್ರೂ ಸತ್ತೋಗವ್ರಾ ಅಮ್ಮಿ ಇಲ್ಲಿ?’ ಅಂದರು.

ಮುಂದಿನ ವಾರ ರಿಂಕೆಬಿಗೆ ಹೋದೆವು. ಅಲ್ಲಿನ ಚೌಕದಲ್ಲಿ ತರಕಾರಿ ಮಾರುತ್ತಾರೆ. ಬೆಂಡೆಕಾಯಿ, ಬದನೆಕಾಯಿ, ಕಂತೆ ಕಂತೆ ಕೊತ್ತಂಬರಿ. ಅವ್ವ ಬೆಂಡೆಕಾಯಿಯ ತುದಿ ಮುರಿದು ನೋಡಿದರು, ಅಂಗಡಿಯವನು ಬೈಯಲಿಲ್ಲ, ನಕ್ಕ, ಅವನ ಊರಿನ ಹೆಂಗಸರೂ ಹಾಗೇ ಮುರಿಯುತ್ತಾರಂತೆ. ಕಲ್ಲು ಬೆಂಚಿನ ಮೇಲೆ ನಾಲ್ಕು ಸೊಮಾಲಿ ಹೆಂಗಸರು ತಲೆ ಮೇಲೆ ಬಣ್ಣದ ಬಟ್ಟೆ ಹೊದ್ದು ಕೂತು ಯಾರದ್ದೋ ಮನೆ ಸಂಸಾರ ಬಿಡಿಸುತ್ತಿದ್ದರು. ಭಾಷೆ ಬರಬೇಕಾಗಿಲ್ಲ, ಕೈ ತಿರುಗಿಸುವ ರೀತಿಯಲ್ಲೇ ಗೊತ್ತಾಗುತ್ತೆ. ಅವ್ವ ಹೋಗಿ ಬೆಂಚಿನ ತುದಿಯಲ್ಲಿ ಕೂತರು, ಅವರು ಜರುಗಿ ಜಾಗ ಕೊಟ್ಟರು. ಎಲೆ ಅಡಿಕೆ ಚೀಲ ತೆಗೆದು ಅವರಿಗೂ ಕೊಡೋಕೆ ಹೋದರು, ನಾನು ಗಾಬರಿಯಾಗಿ ತಡೆದೆ. ಆಮೇಲೆ ಪ್ರತಿ ಎರಡು ದಿನಕ್ಕೊಮ್ಮೆ ‘ಆ ಕಟ್ಟೆಗೆ ಹೋಗುಮಾ’ ಅನ್ನುತ್ತಿದ್ದರು. ನಮ್ಮೂರಲ್ಲಿ ಊರೊಳಗಿನ ಅರಳಿಕಟ್ಟೆ ಮೇಲೆ ಅವ್ವ ಅರವತ್ತು ವರ್ಷದಲ್ಲಿ ಒಂದು ದಿನ ಕೂತವರಲ್ಲ.

ಈಗ ಸ್ಟಾಕ್‌ಹೋಮಿನಲ್ಲಿ ಎಲ್ಲಿ ಉಳಿಯಬೇಕು ಅನ್ನುವ ಲೆಕ್ಕ. ವಿಮಾನ ನಿಲ್ದಾಣ ಇರುವುದು ಊರಿಂದ 40 ಕಿಲೋಮೀಟರ್ ಉತ್ತರಕ್ಕೆ, ಶೀಸ್ತಾ ಆ ದಾರಿಯಲ್ಲೇ. ಶೀಸ್ತಾದ ಹೋಟೆಲುಗಳು ಆಫೀಸಿನವರನ್ನು ನಂಬಿ ಬದುಕುವಂಥವು, ಹಾಗಾಗಿ ಜುಲೈ ತಿಂಗಳು, ಶನಿವಾರ ಭಾನುವಾರ ದರ ನೋಡಿ. ಹೂಸ್‌ಬಿ, ಅಕಲ್ಲಾದಲ್ಲಿ ಮನೆಯವರು ಕೊಡುವ ಕೋಣೆ ಸಿಕ್ಕರೆ ಬಿಡಬೇಡಿ, ಮನೆ ಬಾಡಿಗೆಯದಾದರೆ ಕೋಣೆ ಕೊಡೋಕೆ ಅವರಿಗೆ ಒಪ್ಪಿಗೆ ಇದೆಯಾ ಅಂತ ಮಾತ್ರ ಕೇಳಿಕೊಳ್ಳಿ. ಸೋಡರ್‌ಮಾಲ್ಮ್ ಇಷ್ಟವಾದರೆ ಅಲ್ಲೇ ಇರಿ, ನೂರು ವರ್ಷದ ಹಿಂದೆ ಅದೂ ಕೂಲಿಯವರು ತುಂಬಿದ್ದ, ಮರ್ಯಾದಸ್ಥರು ಮೂಗು ಮುಚ್ಚಿಕೊಳ್ಳುತ್ತಿದ್ದ ದ್ವೀಪವೇ. ಈಗ ಕಾಫಿ ಕುಡಿಯೋಕೂ ಸಾಲ ಮಾಡಬೇಕು. ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆ ದಾಟಬಾರದು, ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಕತ್ತಲಾಗುತ್ತದೆ, ನೆಲದ ಮೇಲೆ ಐಸು. ಶುಕ್ರವಾರ, ಶನಿವಾರ ರಾತ್ರಿಯಿಡೀ ಮೆಟ್ರೋ ಇರುತ್ತದೆ, ಉಳಿದ ದಿನ ಕೊನೆಯ ಗಾಡಿಯ ಹೊತ್ತು ನೋಡಿಟ್ಟುಕೊಳ್ಳಿ. ಜೂನ್‌ನಲ್ಲಿ ಹೋದರೆ ಬೆಳಗಿನ ಮೂರೂವರೆಗೇ ಸೂರ್ಯ ಹಾಜರ್, ಕಿಟಕಿಗೆ ದಪ್ಪ ಪರದೆ ಇದೆಯಾ ಅಂತ ಕೇಳಿ. ಒಲೆ ಇದೆಯಾ ಅಂತ ಕೇಳಿ. ಹಾಸ್ಟೆಲ್ ಆದರೆ ಬೆಡ್‌ಶೀಟಿಗೆ ಬೇರೆ ದುಡ್ಡು ಕೀಳುತ್ತಾರೆ, ಮನೆಯಿಂದಲೇ ಎರಡು ಮಡಚಿ ಇಟ್ಟುಕೊಳ್ಳಿ.